ಪರೀಕ್ಷೆಗೆ ಯಾವ ಸಲಕರಣೆ?

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಪರೀಕ್ಷೆ ಇಡಲು ಹೊರಟರೆ ಮೊದಲು ಏಳುವ ಪ್ರಶ್ನೆ, ಯಾವ ಲಿನಕ್ಸ್ ಎಂಬುದು. ಒಂದೇ ಕೆಲಸಕ್ಕೆ ಅಲ್ಲಿ ಎರಡು ಮೂರು ಸಲಕರಣೆಗಳಿವೆ. ಉಬುಂಟು ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಾಕಲು ‘ಆಪ್ಟ್’ ಬೇಕು, ರೆಡ್ ಹ್ಯಾಟ್ ಯಂತ್ರಕ್ಕೆ ‘ಡಿಎನ್‌ಎಫ್’. ಒಂದನ್ನೇ ಕೇಳಿದರೆ ಇನ್ನೊಂದರಲ್ಲಿ ಪಳಗಿದವರಿಗೆ ಅನ್ಯಾಯ. ಎಲ್ಲವನ್ನೂ ಕೇಳಿದರೆ ಓದಿ ಮುಗಿಯುವುದಿಲ್ಲ.

ಈ ತೊಡಕು ಕಂಪ್ಯೂಟರಿಗಿಂತ ಹಳೆಯದು. ಕೋಲಾರದ ಗಣಿನಾಡಿನ ಊರಿಗಾಂನ ಸುತ್ತಮುತ್ತ ಅದರ ಕುರುಹು ಈಗಲೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಬಂತು. ಉಗಿಯಂತ್ರಗಳ ಪಕ್ಕಕ್ಕೆ ವಿದ್ಯುತ್ ಯಂತ್ರಗಳು ಬಂದವು. ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟಿನ, ಮೇಲೆ ಕುಳಿತ ವೈಂಡಿಂಗ್ ಎಂಜಿನ್ ಡ್ರೈವರನ ಕೆಲಸ ಮಾತ್ರ ಬದಲಾಗಲಿಲ್ಲ: ಕೆಳಗಿನಿಂದ ಬಂದ ಗಂಟೆಯ ಸಂಕೇತ ಕೇಳಿಸಿಕೊಳ್ಳಬೇಕು, ಜನರನ್ನು ಇಳಿಸಿ ಏರಿಸುವ ಕೇಜನ್ನು ಸರಿಯಾದ ಮಟ್ಟಕ್ಕೆ ತಂದು ನಿಲ್ಲಿಸಬೇಕು, ಒಳಗಿರುವ ಜನರ ಜೀವ ತನ್ನ ಕೈಯಲ್ಲಿದೆ ಎಂಬುದನ್ನು ಮರೆಯಬಾರದು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ.

1961ರ ಲೋಹ ಗಣಿಗಳ ನಿಯಮಾವಳಿ ಮ್ಯಾನೇಜರ್, ಫೋರ್‌ಮನ್, ಮೇಟ್, ಬ್ಲಾಸ್ಟರ್, ವೈಂಡಿಂಗ್ ಎಂಜಿನ್ ಡ್ರೈವರ್ ಇವರಿಗೆಲ್ಲ ಅರ್ಹತಾ ಪ್ರಮಾಣಪತ್ರದ ವ್ಯವಸ್ಥೆ ಮಾಡಿತು. ಪ್ರತಿಯೊಂದು ಪ್ರಮಾಣಪತ್ರದ ಹೆಸರೂ ಒಂದು ಕೆಲಸದ ಹೆಸರು, ಯಾವ ಕಂಪನಿಯ ಯಂತ್ರದ ಹೆಸರೂ ಅಲ್ಲ. ಅದನ್ನು ಕೊಡುತ್ತಿದ್ದುದು ಗಣಿಯ ಮಾಲೀಕರಲ್ಲ, ಕೇಂದ್ರದ ಗಣಿ ಪರೀಕ್ಷಾ ಮಂಡಳಿ. ಹಾಗಾಗಿ 2001ರ ಫೆಬ್ರುವರಿ 28ರಂದು ಕೋಲಾರದ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ನೌಕರಿ ಹೋಯಿತೇ ಹೊರತು ಪ್ರಮಾಣಪತ್ರದ ಬೆಲೆ ಹೋಗಲಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿ ಗಣಿಗೂ ಅದೇ ನಿಯಮಾವಳಿ ಅನ್ವಯಿಸುತ್ತಿತ್ತು.

ಲಿನಕ್ಸ್ ಪರೀಕ್ಷೆ ರೂಪಿಸಿದವರ ಮುಂದೆಯೂ ಇದೇ ಎರಡು ದಾರಿಗಳಿದ್ದವು: ಒಂದು ಕಂಪನಿಯ ಸಲಕರಣೆಗೆ ಪ್ರಮಾಣಪತ್ರ, ಇಲ್ಲವೇ ಕೆಲಸಕ್ಕೆ. ರೆಡ್ ಹ್ಯಾಟ್ ಕಂಪನಿ 1999ರ ಹೊತ್ತಿಗೆ ತನ್ನದೇ ಲಿನಕ್ಸ್ ಮೇಲೆ ಆರ್‌ಎಚ್‌ಸಿಇ ಪರೀಕ್ಷೆ ನಡೆಸತೊಡಗಿತು. ಅಲ್ಲಿ ಈಗ ಸರಿಯುತ್ತರಕ್ಕೆ ಗುರುತು ಹಾಕುವ ಮಾತಿಲ್ಲ. ಅಭ್ಯರ್ಥಿ ಯಂತ್ರದ ಮುಂದೆ ಕುಳಿತು ಕೆಲಸವನ್ನೇ ಮಾಡಿ ತೋರಿಸಬೇಕು. ಇನ್ನೊಂದು ದಾರಿಯನ್ನು ಡ್ಯಾನ್ ಯಾರ್ಕ್ 1998ರಲ್ಲಿ ‘ಲಿನಕ್ಸ್ ಗೆಜೆಟ್’ ಪತ್ರಿಕೆಯಲ್ಲಿ ಮುಂದಿಟ್ಟರು: ಯಾವ ಕಂಪನಿಗೂ ಸೇರದ ಪ್ರಮಾಣಪತ್ರ. ಆ ಚರ್ಚೆಯಿಂದ 1999ರಲ್ಲಿ ಕೆನಡಾದಲ್ಲಿ ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್, ಅಂದರೆ ಎಲ್‌ಪಿಐ, ಹುಟ್ಟಿತು.

ಎಲ್‌ಪಿಐ ಪಠ್ಯ ಸಾಫ್ಟ್‌ವೇರುಗಳ ಪಟ್ಟಿಯಿಂದ ಶುರುವಾಗಲಿಲ್ಲ. ಸರ್ವರ್ ನೋಡಿಕೊಳ್ಳುವವರು ದಿನವೂ ಏನೇನು ಮಾಡುತ್ತಾರೆ, ಅದರಲ್ಲಿ ಯಾವುದು ಮುಖ್ಯ ಎಂದು ಅವರನ್ನೇ ಸಮೀಕ್ಷೆಯಲ್ಲಿ ಕೇಳಲಾಯಿತು. ಬಂದ ಉತ್ತರಗಳ ಆಧಾರದ ಮೇಲೆ ಒಂದೊಂದು ಕೆಲಸಕ್ಕೂ ತೂಕ ಕಟ್ಟಲಾಯಿತು. ತೂಕ ಮೂರು ಎಂದರೆ 60 ಪ್ರಶ್ನೆಗಳಲ್ಲಿ ಸುಮಾರು ಮೂರು ಅದರ ಮೇಲೆ. ಸಲಕರಣೆಯ ಸರದಿ ಆಮೇಲಿನದು. ಮೊದಲ ಹಂತದ ಪರೀಕ್ಷೆಯ ಐದನೇ ಆವೃತ್ತಿಯಲ್ಲಿ ಉಬುಂಟು ಬಳಸುವ ಡೆಬಿಯನ್ ಪ್ಯಾಕೇಜಿಗೆ ತೂಕ ಮೂರು, ರೆಡ್ ಹ್ಯಾಟ್ ಬಳಸುವ ಆರ್‌ಪಿಎಂ ಪ್ಯಾಕೇಜಿಗೂ ಮೂರು. ಓದುವವರಿಗೆ ಹೊರೆ ಹೆಚ್ಚಾಯಿತು, ನಿಜ. ಆದರೆ ನಾಳೆ ಯಾವ ಕಚೇರಿಯ ಯಂತ್ರ ಕೈಗೆ ಸಿಗುತ್ತದೋ ಗೊತ್ತಿಲ್ಲದವರಿಗೆ ಇದೇ ನ್ಯಾಯವಾದ ತೀರ್ಮಾನ.

ಹೆಚ್ಚು ಜಗ್ಗಾಟ ಇರುವುದು ಹಳೆಯದನ್ನು ಬಿಡುವಲ್ಲಿ. 2015ರ ಆವೃತ್ತಿಯ ಹೊತ್ತಿಗೆ, ಯಂತ್ರ ಶುರುವಾದಾಗ ಸೇವೆಗಳನ್ನು ಎಬ್ಬಿಸುವ ‘ಸಿಸ್ಟಮ್‌ಡಿ’ ಪಠ್ಯದೊಳಗೆ ಬಂದಿತ್ತು, ಹಳೆಯ ‘ಸಿಸ್‌ವಿ ಇನಿಟ್’ ಪಕ್ಕದಲ್ಲೇ ಉಳಿಯಿತು. 2018ರಲ್ಲಿ ಐದನೇ ಆವೃತ್ತಿ ಬಂದಾಗ ಡೇಟಾಬೇಸಿನ ಎಸ್‌ಕ್ಯುಎಲ್ ಪಾಠ ಹೊರಗೆ ಹೋಯಿತು, ವರ್ಚುವಲ್ ಯಂತ್ರ ಮತ್ತು ಕ್ಲೌಡ್ ಒಳಗೆ ಬಂದವು. ಕಂಪ್ಯೂಟರ್ ಶುರುಮಾಡುತ್ತಿದ್ದ ‘ಲೈಲೋ’ ಈಗಿನ ಪಟ್ಟಿಯಲ್ಲಿಲ್ಲ, ಅಲ್ಲಿ ‘ಗ್ರಬ್’ ಇದೆ. ನೆಟ್‌ವರ್ಕ್ ನೋಡುವ ‘ಐಪಿ’ ಆಜ್ಞೆಯ ಜೊತೆ ಹಳೆಯ ‘ಇಫ್‌ಕಾನ್ಫಿಗ್’ ಇನ್ನೂ ಇದೆ. ಹತ್ತು ವರ್ಷ ಯಾರೂ ಮುಟ್ಟದ ಸರ್ವರುಗಳು ಎಷ್ಟೋ ಕಚೇರಿಗಳಲ್ಲಿ ಓಡುತ್ತಿರುವಾಗ ಅದನ್ನು ಉಳಿಸಿದ್ದು ಸರಿಯೇ.

ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವುದು ‘ವಿಐ’. 1976ರಲ್ಲಿ ಬಿಲ್ ಜಾಯ್ ಬರೆದ ಈ ಎಡಿಟರಿನಲ್ಲಿ ಅಕ್ಷರ ಮೂಡಬೇಕಾದರೆ ಮೊದಲು ‘ಐ’ ಒತ್ತಬೇಕು. ಮುಗಿದ ಮೇಲೆ ಎಸ್ಕೇಪ್, ಕೋಲನ್, ‘ಡಬ್ಲ್ಯು’, ‘ಕ್ಯು’, ಎಂಟರ್. ಹೊಸಬರು ಹೊರಗೆ ಬರುವ ದಾರಿ ತಿಳಿಯದೆ ಪರದಾಡುತ್ತಾರೆ. ‘ನ್ಯಾನೋ’ ಇದಕ್ಕಿಂತ ಸುಲಭ. ಆದರೂ ಐದನೇ ಆವೃತ್ತಿ ನ್ಯಾನೋ ಬಗ್ಗೆ ಪರಿಚಯ ಸಾಕೆಂದು ಬಿಟ್ಟು, ವಿಐಗೆ ತೂಕ ಮೂರು ಕೊಟ್ಟಿತು. ಇನ್ನೇನೂ ಹಾಕಿಲ್ಲದ ಯಂತ್ರದಲ್ಲೂ ಬಹುಮಟ್ಟಿಗೆ ವಿಐ ಸಿಗುತ್ತದೆ ಎಂಬುದೇ ಅದರ ಬಲ.

ಊರಿಗಾಂನ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಕಾಲೇಜಿನಲ್ಲಿ ಗಣಿ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಎರಡನ್ನೂ ಕಲಿಸುತ್ತಾರೆ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲು ದಿನವೂ ಕೆಲಸಕ್ಕೆ ಹೋಗುವವರಿಂದ ತುಂಬಿರುತ್ತದೆ. ಅವರಲ್ಲಿ ಲಿನಕ್ಸ್ ಪರೀಕ್ಷೆಗೆ ಕೂರಬೇಕೆಂದಿರುವವರು ಕೋಚಿಂಗಿಗೆ ಹಣ ಕಟ್ಟುವ ಮೊದಲು ಎಲ್‌ಪಿಐ ಪ್ರಕಟಿಸಿರುವ ವಿಷಯಪಟ್ಟಿಯನ್ನು ತೂಕದ ಸಮೇತ ಒಮ್ಮೆ ಪೂರ್ತಿ ಓದಲಿ. ಅದಕ್ಕೆ ಕಾಸು ಕೊಡಬೇಕಾಗಿಲ್ಲ.