ಆ ಕೈಯಲ್ಲಿ ಬಲವಿತ್ತು

1947ರಲ್ಲಿ ಚೆಂಗಲ್ಪಟ್ಟಿನ ಲೇಡಿ ವಿಲ್ಲಿಂಗ್ಡನ್ ಕುಷ್ಠರೋಗ ಆಸ್ಪತ್ರೆಗೆ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಿಂದ ಒಬ್ಬ ಯುವ ಶಸ್ತ್ರವೈದ್ಯರು ಬಂದಿದ್ದರು. ಹೆಸರು ಪಾಲ್ ಬ್ರ್ಯಾಂಡ್. ಅಲ್ಲಿನ ಹಿರಿಯ ವೈದ್ಯ ರಾಬರ್ಟ್ ಕಾಕ್ರೇನ್ ಚರ್ಮದ ಮೇಲಿನ ಮಚ್ಚೆಗಳನ್ನು ತೋರಿಸುತ್ತ, ವಿವರಿಸುತ್ತ ಹೋಗುತ್ತಿದ್ದರೆ ಬ್ರ್ಯಾಂಡ್ ಅವರ ಕಣ್ಣು ರೋಗಿಗಳ ಕೈಗಳ ಮೇಲೆಯೇ ಇತ್ತು. ಬೆರಳುಗಳು ಒಳಕ್ಕೆ ಮಡಚಿ, ಹದ್ದಿನ ಉಗುರಿನ ಹಾಗೆ ಗಟ್ಟಿಯಾಗಿ ನಿಂತಿದ್ದವು. ಹೀಗೇಕೆ ಆಗುತ್ತದೆ ಎಂದು ಕೇಳಿದರು. ತಾನು ಚರ್ಮದ ವೈದ್ಯ, ಮೂಳೆಯ ವೈದ್ಯ ನೀನೇ ಹೇಳಬೇಕು ಎಂಬರ್ಥದ ಉತ್ತರ ಬಂತು. ಇಷ್ಟು ಜನರನ್ನು ಅಂಗವಿಕಲರನ್ನಾಗಿ ಮಾಡುವ ಈ ಕಾಯಿಲೆಯತ್ತ ಮೂಳೆ ತಜ್ಞರು ತಿರುಗಿಯೂ ನೋಡಿಲ್ಲ ಎಂಬ ಸಂಕಟ ಕಾಕ್ರೇನ್ ಅವರದು.

ಬ್ರ್ಯಾಂಡ್ ಒಬ್ಬ ರೋಗಿಯ ಕೈಯೊಳಗೆ ತಮ್ಮ ಕೈ ಇಟ್ಟು, ಆದಷ್ಟು ಜೋರಾಗಿ ಅದುಮಲು ಹೇಳಿದರು. ನಿಶ್ಶಕ್ತವಾದ ಹಿಡಿತವಿರಬಹುದೆಂದು ಅಂದುಕೊಂಡಿದ್ದವರಿಗೆ ನೋವಿನಿಂದ ಕೂಗುವಂತಾಯಿತು. ಸತ್ತುಹೋಗಿದೆ ಎಂದು ಎಲ್ಲರೂ ಕೈಬಿಟ್ಟಿದ್ದ ಆ ಕೈಯಲ್ಲಿ ಬಲವಿತ್ತು. ಅಂಗೈಯ ಸಣ್ಣ ಸ್ನಾಯುಗಳು ಸೋತಿದ್ದವು. ಮುಂಗೈಯ ದೊಡ್ಡ ಸ್ನಾಯುಗಳು ಗಟ್ಟಿಯಾಗಿಯೇ ಇದ್ದವು. ಹಾಗಾದರೆ ಈ ಬಲವನ್ನು ಅಲ್ಲಿಗೆ ತಿರುಗಿಸಬಹುದಲ್ಲ?

ಕ್ರೈಸ್ತ ಕರುಣೆಯ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಹಸ್ತಲಾಘವ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಕುಷ್ಠರೋಗಿಯೊಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಯೇಸು ಮೊದಲು ಅವನನ್ನು ಮುಟ್ಟುತ್ತಾನೆ, ಗುಣವಾಗುವುದು ಆಮೇಲೆ. ಈ ಕ್ರಮ ಬಹಳ ಮುಖ್ಯ ಎಂದು ನನ್ನ ನಂಬಿಕೆ. ಶುದ್ಧನಾದ ಮೇಲೆ ಮುಟ್ಟುವುದಕ್ಕೆ ಯಾವ ವಿಶ್ವಾಸವೂ ಬೇಕಿಲ್ಲ.

ಮುಟ್ಟುವುದು ಸುಲಭವೇನೂ ಆಗಿರಲಿಲ್ಲ. ಪಾಲ್ ಬ್ರ್ಯಾಂಡ್ ಬೆಳೆದದ್ದು ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಮಿಷನರಿ ತಂದೆತಾಯಿಯ ಮನೆಯಲ್ಲಿ. ತಂದೆ ಜೆಸ್ಸಿ ಬೆಟ್ಟದ ಜನರ ಹುಣ್ಣು ತೊಳೆದು, ಜ್ವರಕ್ಕೆ ಔಷಧಿ ಕೊಟ್ಟು, ಕೊನೆಗೆ 1929ರಲ್ಲಿ ಮಲೇರಿಯಾದಿಂದ ಬಂದ ಕಾಯಿಲೆಗೆ ಅಲ್ಲೇ ತೀರಿಕೊಂಡವರು. ತಾಯಿ ಎವೆಲಿನ್ ನಿವೃತ್ತಿಯ ಮೇಲೂ ಆ ಬೆಟ್ಟಗಳನ್ನು ಬಿಡದೆ 95ನೇ ವಯಸ್ಸಿನವರೆಗೆ ಬದುಕಿದರು. ಅಂಥ ಮನೆಗೂ ಒಮ್ಮೆ ಕುಷ್ಠರೋಗಿಗಳು ಬಂದಾಗ, ಎಂದೂ ಕೈಗವಸು ಹಾಕದ ತಂದೆ ಅಂದು ಹಾಕಿಕೊಂಡರು. ಆ ರೋಗಿಗಳು ಕೂತಿದ್ದ ಜಾಗಕ್ಕೆ ಹೋಗಬಾರದೆಂದು ಮಕ್ಕಳಿಗೆ ತಾಕೀತಾಯಿತು. ಪ್ರೀತಿಯಿದ್ದವರಲ್ಲೂ ಭಯವಿತ್ತು. ಮಗನಲ್ಲೂ ಇತ್ತು. ಎಷ್ಟೋ ವರ್ಷದ ಮೇಲೆ, ಇಂಗ್ಲೆಂಡಿನಲ್ಲಿ ಒಂದು ರಾತ್ರಿ, ರೈಲು ಪ್ರಯಾಣ ಮುಗಿಸಿ ಷೂ ಕಳಚುವಾಗ ಹಿಮ್ಮಡಿಯಲ್ಲಿ ಸ್ಪರ್ಶವೇ ಇಲ್ಲವೆಂದು ಗೊತ್ತಾಯಿತು. ಸೂಜಿ ಚುಚ್ಚಿದರೂ ನೋವಿಲ್ಲ. ಸ್ಪರ್ಶ ಕಳೆಯುವ ಕುಷ್ಠ ತನಗೂ ಅಂಟಿತು ಎಂದೇ ನಂಬಿ, ಹೆಂಡತಿ ಮಕ್ಕಳಿಂದ ದೂರವಾಗುವ ಬದುಕನ್ನು ನೆನೆಯುತ್ತ ಬೆಳಗು ಮಾಡಿದರು. ಬೆಳಿಗ್ಗೆ ಮತ್ತೆ ಚುಚ್ಚಿಕೊಂಡಾಗ ನೋವಾಯಿತು. ಒಂದೇ ಭಂಗಿಯಲ್ಲಿ ಕೂತು ನರ ಮರಗಟ್ಟಿತ್ತು, ಅಷ್ಟೇ. ಆ ನೋವಿಗಾಗಿ ಅವರು ದೇವರಿಗೆ ಕೃತಜ್ಞತೆ ಹೇಳಿದರು. ತಮ್ಮ ರೋಗಿಗಳು ಪ್ರತಿ ರಾತ್ರಿ ಏನನ್ನು ಹೊತ್ತು ಮಲಗುತ್ತಾರೆಂದು ಅಂದು ಅವರಿಗೆ ಅರಿವಾಗಿರಬೇಕು.

ಕುಷ್ಠರೋಗದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರು. ಡ್ಯಾಪ್ಸೋನ್ ಮಾತ್ರೆ ಬಳಕೆಗೆ ಬರತೊಡಗಿತ್ತು. ಆದರೂ ಬೆರಳುಗಳು ಕೊಳೆತು ಉದುರುವುದು ಈ ರೋಗದ ಸ್ವಭಾವ ಎಂದೇ ಊರವರೂ ವೈದ್ಯರೂ ನಂಬಿದ್ದರು. ಕ್ರೈಸ್ತ ಸಂಸ್ಥೆಗಳು ಅಷ್ಟರಲ್ಲಾಗಲೇ ಬಹಳ ದುಡಿದಿದ್ದವು. ನಮ್ಮ ಮಂಗಳೂರಿನ ಕಂಕನಾಡಿಯಲ್ಲೇ ಜರ್ಮನಿ ಮೂಲದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿಸಿದ್ದರು. ಬೀದಿಗೆ ಬಿದ್ದವರಿಗೆ ಸೂರು, ಅನ್ನ, ಗೌರವದ ಸಾವು ಸಿಗುವುದು ಸಣ್ಣ ಮಾತಲ್ಲ. ಆದರೆ ಅಷ್ಟಕ್ಕೇ ನಿಂತ ಕರುಣೆ ಉದುರುವ ಬೆರಳನ್ನು ವಿಧಿಯೆಂದು ಒಪ್ಪಿಕೊಂಡಿತ್ತು. ವೆಲ್ಲೂರಿನವರು ಒಪ್ಪಲಿಲ್ಲ.

ನರಗಳು ಎಲ್ಲಿ ಕೆಡುತ್ತವೆ ಎಂದು ಹುಡುಕಿದರು. ಮೊಣಕೈ, ಮಣಿಕಟ್ಟು, ಮೊಣಕಾಲು, ಕಣಕಾಲು ಹೀಗೆ ಚರ್ಮಕ್ಕೆ ಹತ್ತಿರವಾಗಿ, ದೇಹದ ತಂಪಾದ ಕಡೆ ಹಾಯುವ ಜಾಗಗಳಲ್ಲೇ ನರ ಊದಿಕೊಂಡಿರುತ್ತಿತ್ತು. ಅದರಿಂದ ಯಾವ ಸ್ನಾಯು ಸೋಲುತ್ತದೆ, ಯಾವುದು ಉಳಿಯುತ್ತದೆ ಎಂದು ಮೊದಲೇ ಹೇಳಲು ಸಾಧ್ಯವಾಯಿತು. ಉಳಿದ ಗಟ್ಟಿ ಸ್ನಾಯುವಿನ ಸ್ನಾಯುರಜ್ಜುವನ್ನು ಬಿಡಿಸಿ, ಅಂಗೈಯೊಳಗೆ ಹಾಯಿಸಿ, ಬೆರಳುಗಳಿಗೆ ಜೋಡಿಸಿದರು. ವಾರಗಟ್ಟಲೆ ಪ್ಲಾಸ್ಟರ್, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಹಿಂದೆ ಬೇರೆ ಕೆಲಸ ಮಾಡುತ್ತಿದ್ದ ಸ್ನಾಯುವಿಗೆ ಹೊಸ ಕೆಲಸ ಕಲಿಸಬೇಕು. ಮಡಚಿ ನಿಂತಿದ್ದ ಬೆರಳು ನಿಧಾನಕ್ಕೆ ಬಿಚ್ಚಿಕೊಂಡು, ಅನ್ನದ ತುತ್ತನ್ನು ಎತ್ತತೊಡಗಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಒಬ್ಬ ಜಾಣ ಸರ್ಜನ್ನನ ಕಥೆಯಾಗುತ್ತಿತ್ತು. ಆದರೆ ಗುಣವಾಗಿ ಹೋದವರು ತಿರುಗಿ ಬಂದರು. ಈ ಕೈ ಭಿಕ್ಷೆಗೆ ಬರುವುದಿಲ್ಲ ಎಂದರು. ಮೊದಲಾದರೆ ಮುದುಡಿದ ಕೈ ನೋಡಿ ಕಾಸು ಹಾಕುತ್ತಿದ್ದರು. ಈಗ ಕಾಸೂ ಇಲ್ಲ, ಕೆಲಸ ಕೊಡುವವರೂ ಇಲ್ಲ. ಕೈ ನೆಟ್ಟಗಾದರೂ ಬದುಕು ನೆಟ್ಟಗಾಗಿರಲಿಲ್ಲ. ಆಗ ಹುಟ್ಟಿದ್ದು ಮಣ್ಣಿನ ಗೋಡೆಯ ಗುಡಿಸಲುಗಳ ಒಂದು ಪುಟ್ಟ ಹಳ್ಳಿ, ಹೆಸರು ನವಜೀವ ನಿಲಯಂ. ಅಲ್ಲಿ ಶಸ್ತ್ರಚಿಕಿತ್ಸೆಯಾದವರು ಮರಗೆಲಸ ಕಲಿತರು, ಆಟಿಕೆ ಮಾಡಿದರು.

ಆ ಕೆಲಸದ ಕೊಠಡಿಯಲ್ಲೇ ದೊಡ್ಡ ಗುಟ್ಟು ಬಯಲಾಯಿತು. ಬೆರಳು ರೋಗದಿಂದ ಉದುರುತ್ತಿರಲಿಲ್ಲ. ನೋವು ಗೊತ್ತಾಗದ ಕೈ ಬಿಸಿ ಪಾತ್ರೆಯನ್ನು ಬಿಡುವುದಿಲ್ಲ. ಸುತ್ತಿಗೆಯ ಹಿಡಿಯಲ್ಲಿ ಸಿಬಿರೆದ್ದಿದ್ದರೂ ಬಿಗಿಯಾಗಿ ಹಿಡಿಯುತ್ತದೆ. ಬ್ರ್ಯಾಂಡ್ ಅವರಿಗೆ ತೆಗೆಯಲಾಗದ ತುಕ್ಕು ಬೀಗವನ್ನು ಒಬ್ಬ ಹುಡುಗ ಸುಲಭವಾಗಿ ತೆರೆದ. ನೋಡಿದರೆ ಬೀಗದ ಕೈ ಅವನ ಬೆರಳನ್ನು ಮೂಳೆಯವರೆಗೆ ಕೊಯ್ದಿತ್ತು. ಅವನಿಗೆ ತಿಳಿದೇ ಇರಲಿಲ್ಲ. ಇನ್ನು ಕೆಲವರ ಬೆರಳ ತುದಿ ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತಿತ್ತು. ಎಚ್ಚರವಿದ್ದು ಕಾದಾಗ ಇಲಿ ಸಿಕ್ಕಿತು. ಅಲ್ಲಿಂದ ಮುಂದೆ ಮನೆಗೆ ಹೊರಟ ರೋಗಿಗಳ ಜೊತೆ ಒಂದೊಂದು ಬೆಕ್ಕೂ ಹೊರಟಿತು. ಕ್ರೈಸ್ತ ದಯೆಯ ಚರಿತ್ರೆಯಲ್ಲಿ ಬೆಕ್ಕುಗಳಿಗೂ ಒಂದು ಜಾಗ ಸಲ್ಲಬೇಕು ಎಂದು ನನಗೆ ನಿಜವಾಗಿಯೂ ಅನಿಸುತ್ತದೆ. ಒಬ್ಬನ ರಾತ್ರಿ ಹೇಗೆ ಕಳೆಯುತ್ತದೆ ಎಂದು ಕೇಳುವಷ್ಟು ಹತ್ತಿರ ಹೋದವರಿಗೆ ಮಾತ್ರ ಇಂಥ ಉಪಾಯ ಹೊಳೆಯುತ್ತದೆ.

ಕಾಲಿನ ಹುಣ್ಣುಗಳದು ಇನ್ನೊಂದು ಅಧ್ಯಾಯ. ಬ್ರ್ಯಾಂಡ್ ರೋಗಿಗಳ ಪಾದಗಳನ್ನು ತಮ್ಮ ಅಂಗೈಯಿಂದ ಮುಟ್ಟಿ, ಯಾವ ಜಾಗ ಬೆಚ್ಚಗಿದೆ ಎಂದು ನೋಡುತ್ತಿದ್ದರು. ಬಿಸಿಯಿದ್ದಲ್ಲಿ ಹುಣ್ಣು ಹುಟ್ಟಲಿದೆ ಎಂದರ್ಥ. ಪವಿತ್ರ ಗುರುವಾರದಂದು ಚರ್ಚುಗಳಲ್ಲಿ ಪಾದ ತೊಳೆಯುವ ವಿಧಿಯನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ಪಾದಗಳಿಗಾಗಿಯೇ ವೆಲ್ಲೂರು ಮತ್ತು ಅದರ ಹತ್ತಿರದ ಕರಿಗಿರಿಯಲ್ಲಿ ಮೃದುವಾದ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ರೂಪುಗೊಂಡಿತು. ಇಂದು ನಮ್ಮ ಊರುಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಬರೆದುಕೊಡುವ ಎಂಸಿಆರ್ ಚಪ್ಪಲಿ ಅದೇ.

ಮೇರಿ ವರ್ಗೀಸ್ ಅವರ ಹೆಸರು ಹೇಳದೆ ಈ ಮಾತು ಪೂರ್ಣವಾಗದು. ಕೊಚ್ಚಿ ಕಡೆಯಿಂದ ವೆಲ್ಲೂರಿಗೆ ಬಂದ ಯುವ ವೈದ್ಯೆ. 1954ರ ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡಬಹುದಲ್ಲ ಎಂದು ಬ್ರ್ಯಾಂಡ್ ಸೂಚಿಸಿದರು. ಗಾಲಿಕುರ್ಚಿಯಲ್ಲಿ ಕೂತ ಆಕೆ ಕುಷ್ಠರೋಗಿಗಳ ಕೈಗಳಿಗೆ ಚಲನೆ ಕೊಟ್ಟರು. ಆಮೇಲೆ ವಿದೇಶದಲ್ಲಿ ತರಬೇತಿ ಪಡೆದು ಬಂದು, ತಮ್ಮಂಥವರಿಗಾಗಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು. ತನ್ನ ಕಾಲು ಹೋದ ಮೇಲೂ ಇನ್ನೊಬ್ಬರ ಕೈಯ ಚಿಂತೆ ಮಾಡುವ ಮನಸ್ಸನ್ನು ನಾನು ವಿಶ್ವಾಸವೆಂದು ಕರೆಯುತ್ತೇನೆ.

ಇದೆಲ್ಲ ಮತಾಂತರಕ್ಕಾಗಿ ಅಲ್ಲವೇ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಬಂದೇ ಬರುತ್ತದೆ; ಕೇಳುವುದು ತಪ್ಪೂ ಅಲ್ಲ. ನನ್ನ ಉತ್ತರ ಇಷ್ಟೇ: ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಗಾಯಾಳು ಯಾವ ಜಾತಿ, ಯಾವ ಮತ ಎಂದು ಯಾರೂ ಕೇಳುವುದಿಲ್ಲ, ಗಾಯ ಕಟ್ಟಿದವನೇ ಹೊರಗಿನವನು. ಪ್ರತಿಫಲ ಬಯಸುವ ದಯೆಗೆ ಯೇಸುವಿನ ಹೆಸರು ಸಲ್ಲದು. ಒಮ್ಮೆ ಬ್ರ್ಯಾಂಡ್ ರೋಗಿಯೊಬ್ಬನ ಹೆಗಲ ಮೇಲೆ ಕೈಯಿಟ್ಟು, ದುಭಾಷಿಯ ಮೂಲಕ ಚಿಕಿತ್ಸೆಯ ಬಗ್ಗೆ ಹೇಳುತ್ತಿದ್ದಾಗ ಅವನು ಬಿಕ್ಕಿ ಅಳತೊಡಗಿದ. ತಪ್ಪೇನಾದರೂ ಹೇಳಿದೆನೇ ಎಂದು ಕೇಳಿದರು. ಮಾತಿಗಲ್ಲ, ಹೆಗಲ ಮೇಲಿನ ಕೈಗೆ ಅಳುತ್ತಿದ್ದಾನೆ, ವರ್ಷಗಳಿಂದ ಅವನನ್ನು ಯಾರೂ ಮುಟ್ಟಿರಲಿಲ್ಲ ಎಂಬ ಉತ್ತರ ಬಂತು.

ಕಾಲ ಬದಲಾಗಿದೆ. ಬಹು ಔಷಧಿ ಚಿಕಿತ್ಸೆ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆರು ತಿಂಗಳಿಂದ ಒಂದು ವರ್ಷದಲ್ಲಿ ಕಾಯಿಲೆ ವಾಸಿಯಾಗುತ್ತದೆ. 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು ಮಾತ್ರ 2016ರಲ್ಲಿ; ಕುಷ್ಠರೋಗವೆಂಬ ಕಾರಣಕ್ಕೆ ವಿಚ್ಛೇದನ ಕೊಡುವ ಅವಕಾಶ ಕಾನೂನಿನಿಂದ ಹೋದದ್ದು 2019ರಲ್ಲಿ. ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂದಿಗೂ ನಮ್ಮ ದೇಶದವರೇ. ಗುಣವಾದ ಮೇಲೂ ಮನೆಗೆ ಮರಳಲಾಗದೆ ಕಾಲೊನಿಗಳಲ್ಲಿ ಮುದುಕರಾದವರಿದ್ದಾರೆ. ಡಿಸೆಂಬರ್ ಬಂದರೆ ನಮ್ಮ ಸಭೆಗಳಿಂದ ಅಲ್ಲಿಗೆ ಕೇಕು, ಕಂಬಳಿ ಹೋಗುತ್ತವೆ, ಹೋಗಲಿ, ಒಳ್ಳೆಯದೇ. ಜನವರಿಯಲ್ಲಿ, ಫೆಬ್ರವರಿಯಲ್ಲಿಯೂ ಯಾರಾದರೂ ಹೋಗಬೇಕು. ಚಪ್ಪಲಿ ಸವೆದಿದೆಯೇ, ಪಾದದಲ್ಲಿ ಹೊಸ ಹುಣ್ಣೆದ್ದಿದೆಯೇ ಎಂದು ಕೂತು, ಮುಟ್ಟಿ ನೋಡಬೇಕು. ಮೊಮ್ಮಗಳ ಶಾಲೆಯ ಅರ್ಜಿಯಲ್ಲಿ ಕಾಲೊನಿಯ ವಿಳಾಸ ಬರೆಯಲು ಅಂಜಿಕೆಯಿದೆಯೇ ಎಂದು ಕೇಳಬೇಕು. ಅಂಜಿಕೆಯಿದ್ದರೆ ಶಾಲೆಗೂ ಒಮ್ಮೆ ಜೊತೆಯಲ್ಲಿ ಹೋಗಿ ಬರಬೇಕು.