ಕತ್ತಿಯ ಝಳಪಿನಾಚೆಯ ಸತ್ತ್ವ

ಕುದುರೆಯ ಖುರಪುಟ, ಕೋಟೆಯ ಗುಪ್ತದ್ವಾರ, ಮಾರುವೇಷದ ವೀರ, ಸೆರೆಯಲ್ಲಿರುವ ರಾಜಕುವರಿ! ಐತಿಹಾಸಿಕ ಕಾದಂಬರಿಗಳ ಈ ಸೆಳೆತಕ್ಕೆ ಮನಸೋಲದವರು ವಿರಳ. ಆದರೂ ‘ಕಾದಂಬರಿ ಓದಿ ಮಕ್ಕಳು ಕೆಡುವರು’ ಎಂಬ ಅಂಜಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಉಂಟು.

ಈ ರುಚಿಯನ್ನು ಕನ್ನಡಿಗರಿಗೆ ಹತ್ತಿಸಿದ ಮೊದಲಿಗರಲ್ಲೊಬ್ಬರು ಮೇಡ್ಲೇರಿ, ರಾಣೆಬೆನ್ನೂರುಗಳ ನಮ್ಮ ಸೀಮೆಯವರೇ ಎಂಬುದು ಹೆಮ್ಮೆಯ ಸಂಗತಿ. ಇಂದಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರ ಹೆಸರಿನಿಂದಲೇ ‘ಗಳಗನಾಥ’ರೆಂದು ಖ್ಯಾತರಾದರು. ವಿಜಯನಗರ ಸ್ಥಾಪನೆಯ ಕಾಲವನ್ನು ‘ಮಾಧವ ಕರುಣಾವಿಲಾಸ’ದಲ್ಲಿ ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದರು. ಅಗಡಿ ಆನಂದವನದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗಾಗಿ ದುಡಿದರು. ಓದುಗರು ತಾವಾಗಿ ಬರಲೆಂದು ಕಾಯದೆ ಪುಸ್ತಕದ ಹೊರೆ ಹೊತ್ತು ಊರೂರು ಅಲೆದು ಮಾರಿದರು. 1942ರಲ್ಲಿ ಅವರು ಕಣ್ಮುಚ್ಚಿದರು. ಕಾಯಕವೆಂದರೆ ಇದಲ್ಲದೆ ಮತ್ತೇನು?

ಶರಣರ ಕಾಲವೂ ಇಂಥ ಕಥನಕ್ಕೆ ಒದಗಿದೆ. ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಬಿಜ್ಜಳನ ರಾಜ್ಯದ ಕಥೆಯನ್ನು ಓದುವಾಗ ನಮಗೆ ಹೊಳೆಯುವುದಿಷ್ಟು: ಕತ್ತಿ ಹಿಡಿದವನ ಧೈರ್ಯಕ್ಕಿಂತ ಬರಿಗೈಯಲ್ಲಿ ಸತ್ಯ ನುಡಿದವನ ಧೈರ್ಯ ದೊಡ್ಡದು.

ಕಾದಂಬರಿಯೇ ಇತಿಹಾಸವಲ್ಲ, ನಿಜ. ಆದುದರಿಂದ ಮಕ್ಕಳ ಕೈಯಿಂದ ಪುಸ್ತಕ ಕಸಿಯುವುದು ಬೇಡ. ಇಷ್ಟಲಿಂಗ ಪೂಜೆ, ಪ್ರಸಾದಗಳಾದ ಮೇಲೆ ಅರ್ಧ ತಾಸು ಜೊತೆಗೆ ಕುಳಿತು ಓದಿಸಿ ಕೇಳೋಣ. ಯಾವುದು ನಡೆದದ್ದು, ಯಾವುದು ಕಲ್ಪನೆ ಎಂದು ತಿಳಿಹೇಳೋಣ. ಹಾಗಾದರೆ ರಂಜನೆಯೇ ವಿವೇಕಕ್ಕೆ ಮೆಟ್ಟಿಲಾದೀತು.