ಡ್ರೈವರ್ ಬದಲಾಯಿಸಿದರೆ ದೂರ ಹೋದೀತೆ?

ಡ್ರೈವರ್ ಅಂದ ಕೂಡಲೆ ಸಿಟಿ ಬಸ್ಸಿನವರಿಗೆ ನೆನಪಾಗುವುದು ಸ್ಟಾಪು ಬಿಟ್ಟು ಇಪ್ಪತ್ತು ಮಾರು ಮುಂದೆ ಬ್ರೇಕು ಹಾಕುವ ಪುಣ್ಯಾತ್ಮ. ಮೈಸೂರಿನ ರೇಸ್‌ಕೋರ್ಸ್ ಬಯಲೊಳಗಿನ ಗಾಲ್ಫ್ ಮೈದಾನದಲ್ಲಿ ಮಾತ್ರ ಡ್ರೈವರ್ ಅಂದರೆ ಮನುಷ್ಯನಲ್ಲ, ಕೋಲು. ಆಟಗಾರನ ಚೀಲದಲ್ಲಿರುವ ಕೋಲುಗಳಲ್ಲೆಲ್ಲ ಉದ್ದನೆಯದು ಇದೇ. ತಲೆ ದಪ್ಪ, ಬೆಲೆಯೂ ದಪ್ಪ. ದೂರದ ಗುಳಿಯತ್ತ ಮೊದಲ ಏಟು ಬೀಸುವುದು ಸಾಮಾನ್ಯವಾಗಿ ಇದರಿಂದಲೇ.

ಕಂಪನಿಗಳು ವರ್ಷ ಬಿಟ್ಟು ವರ್ಷ, ಕೆಲವರು ವರ್ಷ ವರ್ಷವೂ ಹೊಸ ಮಾಡೆಲು ಬಿಡುತ್ತಾರೆ. "ಇದ್ರಲ್ಲಿ ಹದಿನೈದು ಗಜ ಜಾಸ್ತಿ ಹೋಗುತ್ತಂತೆ ಕಣ್ರೀ!" ಎಂಬ ಮಾತೂ ಜೊತೆಗೇ ಬರುತ್ತದೆ. 2024ರ ಹೆಸರಾಂತ ಮಾಡೆಲುಗಳಿಗೆ ಅಮೆರಿಕದಲ್ಲೇ 600 ಡಾಲರಿನ ಆಸುಪಾಸು, ಅಂದರೆ ಐವತ್ತು ಸಾವಿರ ರೂಪಾಯಿ. ಶ್ರೀಮಂತರಿಗೆ ಇದು ಲೆಕ್ಕವಲ್ಲ. ಪೆನ್ಷನ್ ದುಡ್ಡಿನಲ್ಲಿ ಆಡುವವರಿಗೆ, ಆಟಗಾರನಾಗಬೇಕೆಂದು ಹೊರಟ ಕ್ಯಾಡಿ ಹುಡುಗನಿಗೆ ಲೆಕ್ಕವೇ.

ಒಂದು ಕಾಲಕ್ಕೆ ಡ್ರೈವರಿನ ತಲೆ ಪರ್ಸಿಮನ್ ಎಂಬ ಮರದ್ದು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಉಕ್ಕಿನ ತಲೆ ತಂದಿತು. 1991ರಲ್ಲಿ ಕ್ಯಾಲವೇ ಕಂಪನಿಯ 'ಬಿಗ್ ಬರ್ತಾ' ಬಂದಾಗ ಅದರ 190 ಸಿ.ಸಿ. ತಲೆ ನೋಡಿ ಜನ ಹೌಹಾರಿದರು. ಆಮೇಲೆ ಬಂತು ಟೈಟೇನಿಯಂ. ತಲೆ ಕುಂಬಳಕಾಯಿಯಂತೆ ಬೆಳೆಯುತ್ತಲೇ ಹೋಯಿತು. ಈಗಿನದು 460 ಸಿ.ಸಿ. ಬುಲೆಟ್ ಮೋಟಾರ್ ಸೈಕಲ್ಲೇ 350 ಸಿ.ಸಿ. ಅಲ್ಲವೆ ಎಂದು ಬೆರಗಾಗಬೇಕಿಲ್ಲ. ಇದರೊಳಗೆ ಇಂಜಿನ್ನಿಲ್ಲ, ಬರೀ ಟೊಳ್ಳು. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ತುಸು ಕಡಿಮೆ.

ಅಲ್ಲಿಗೇ ನಿಂತಿತು, ಯಾಕೆಂದರೆ ಕಾನೂನು ಅಡ್ಡ ಬಂತು. ತೆಳ್ಳನೆ ಲೋಹದ ಮುಖ ಚೆಂಡು ತಾಗಿದಾಗ ಸ್ಪ್ರಿಂಗಿನಂತೆ ಒಳಕ್ಕೆ ಬಾಗಿ ಮತ್ತೆ ಚಿಮ್ಮುತ್ತದೆ. ಈ ಚಿಮ್ಮುವ ಗುಣಕ್ಕೆ ಅಮೆರಿಕದ ಗಾಲ್ಫ್ ಸಂಸ್ಥೆ 1998ರಲ್ಲೇ ಮಿತಿ ಹಾಕಿತು. 2004ರಲ್ಲಿ ಗಾತ್ರಕ್ಕೂ ಬೇಲಿ ಬಿತ್ತು. 2008ರ ಹೊತ್ತಿಗೆ ಜಗತ್ತಿಗೆಲ್ಲ ಒಂದೇ ಅಳತೆ. ಒಳ್ಳೆಯ ಕಂಪನಿಗಳೆಲ್ಲ ಅಂದೇ ಆ ಗೆರೆ ಮುಟ್ಟಿಯಾಗಿತ್ತು. ಹಾಗಾಗಿ ಚೆಂಡು ಮುಖದ ನಟ್ಟನಡುವೆ ಬಿದ್ದರೆ ಹತ್ತು ವರ್ಷದ ಹಳೆ ಡ್ರೈವರಿಗೂ ಹೊಚ್ಚ ಹೊಸದಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಹದಿನೈದು ಗಜದ ಮಾತು ಗಾಳಿಮಾತು.

ಹಾಗಾದರೆ ಹೊಸದರಲ್ಲಿ ಏನೂ ಇಲ್ಲವೆ? ಇದೆ. ಎಲ್ಲರ ಏಟೂ ನಡುವೆ ಬೀಳುವುದಿಲ್ಲವಲ್ಲ! ಅಂಚಿಗೆ ತಾಗಿದರೆ ತಲೆ ಕೈಯಲ್ಲೇ ತಿರುಚಿಕೊಂಡು ಚೆಂಡು ಪೊದೆಯ ಪಾಲು. ಈ ತಿರುಚು ತಡೆಯಲು ಈಗಿನವರು ಭಾರವನ್ನು ತಲೆಯ ಹಿಂಬದಿಯ ಅಂಚಿಗೆ ಸರಿಸಿದ್ದಾರೆ. 2024ರಲ್ಲಿ ಪಿಂಗ್ ಕಂಪನಿಯ 'ಜಿ430 ಮ್ಯಾಕ್ಸ್ 10ಕೆ', ಟೇಲರ್‌ಮೇಡಿನ 'ಕ್ಯುಐ10 ಮ್ಯಾಕ್ಸ್' ಎರಡೂ ಇದೇ ಗುಣ ಸಾರಿಕೊಂಡು ಬಂದವು. ಮೊದಲನೆಯದರ ಮುಖ ಟೈಟೇನಿಯಂ, ಎರಡನೆಯದರದು ಕಾರ್ಬನ್. ಸದ್ದು ಬೇರೆ ಬೇರೆ. ಕೆಲಸ ಹೆಚ್ಚುಕಮ್ಮಿ ಒಂದೇ. ವಾರಕ್ಕೊಮ್ಮೆ ಆಡಿ ಏಟು ಅತ್ತಿತ್ತ ಬೀಳಿಸುವವರಿಗೆ ಇವು ನಿಜಕ್ಕೂ ಉಪಕಾರಿ. ಬಿರುಸಾಗಿ ಬೀಸುವವರಿಗೆಂದು ಚೆಂಡು ಕಡಿಮೆ ತಿರುಗುವ ಮಾಡೆಲುಗಳೂ ಇವೆ. ಜಾಹೀರಾತು ನೋಡಿ ಅದನ್ನೇ ಕೊಂಡ ಸಾಮಾನ್ಯ ಆಟಗಾರ ಮೊದಲಿಗಿಂತ ಹತ್ತಿರಕ್ಕೇ ಹೊಡೆದಾನು.

ಹಳೆಯದು ಸವೆದು ಸಪ್ಪೆಯಾಗುತ್ತದೆ ಎಂಬ ಭಯವೂ ಬೇಡ. ಸಾವಿರಾರು ಏಟಿಗೆ ಮುಖ ತೆಳ್ಳಗಾಗಿ ಇನ್ನಷ್ಟು ಚಿಮ್ಮುವುದುಂಟು. ಕೊನೆಗೆ ಬಿರುಕು ಬಿಡುತ್ತದೆ, ಅಷ್ಟೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಪಿ.ಜಿ.ಎ. ಚಾಂಪಿಯನ್‌ಷಿಪ್ಪಿನಲ್ಲಿ ರೋರಿ ಮ್ಯಾಕಿಲ್‌ರಾಯ್, ಸ್ಕಾಟಿ ಷೆಫ್ಲರ್ ಇಬ್ಬರ ಡ್ರೈವರುಗಳೂ ಪರೀಕ್ಷೆಯಲ್ಲಿ ಫೇಲಾದವು. ಷೆಫ್ಲರ್ ಬದಲಿ ಕೋಲಿನಲ್ಲೇ ಆಡಿ 5 ಹೊಡೆತಗಳ ಅಂತರದಿಂದ ಕಪ್ ಎತ್ತಿದ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಸಂಗತಿಯೂ ಇಲ್ಲಿ ಹೇಳತಕ್ಕದ್ದೇ. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಪಂದ್ಯದಲ್ಲಿ ತಾಯಿಯೇ ಚೀಲ ಹೊತ್ತಿದ್ದರು. ದೂರ ಹೊಡೆಯುವುದರಲ್ಲಿ ಈಕೆ 60 ಮಂದಿಯಲ್ಲಿ ಬಹುತೇಕ ಕೊನೆಯ ಸಾಲು. ಆದರೂ ಗುಳಿಯ ಹತ್ತಿರದ ಮೆಲ್ಲನೆ ಏಟಿನ ಬಲದಿಂದಲೇ ನಾಲ್ಕನೇ ಸ್ಥಾನಕ್ಕೆ ಬಂದಳು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ.

ಮರದ ತಲೆಯದೋ, ಪುಟ್ಟ ಉಕ್ಕಿನ ತಲೆಯದೋ ಇನ್ನೂ ಹಿಡಿದಿರುವವರು ಬದಲಾಯಿಸಲಿ, ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ. ಅವರಿಗೂ ಎರಡು ಮೂರು ವರ್ಷದ ಹಿಂದಿನ ಮಾಡೆಲು ಸಾಕು. ಹೊಸದು ಬಂದ ಮಾರನೇ ದಿನವೇ ಹಳೆಯದರ ಬೆಲೆ ಇಳಿಯುವುದು ಅಂಗಡಿಯವರಿಗೆ ಗೊತ್ತಿಲ್ಲದ್ದೇನಲ್ಲ. ಮಿಕ್ಕವರು ಕಂತಿಗೆ ಸಹಿ ಹಾಕುವ ಮುಂಚೆ ಹಳೆ ಡ್ರೈವರಿನ ಮುಖಕ್ಕೆ ಚೂರು ಪೌಡರು ಬಳಿದು ಹತ್ತು ಚೆಂಡು ಹೊಡೆದು ನೋಡಬಹುದು. ಗುರುತುಗಳೆಲ್ಲ ನಡುವೆ ಒಂದೇ ಕಡೆ ಬಿದ್ದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಮುಖದ ತುಂಬಾ ಚೆಲ್ಲಾಡಿದ್ದರೆ, ಮೊದಲು ಆಟ ಕಲಿಸುವವರ ಹತ್ತಿರ ನಾಲ್ಕು ಪಾಠ, ಆಮೇಲೆ ಅಂಗಡಿ. ಪೌಡರ್ ಡಬ್ಬಿಗೆ ಐವತ್ತು ರೂಪಾಯಿ ಆದೀತು.